ಹಾದಿಯ ನಾಲ್ಕು ಹಂಚು

ಕಾಂತಾ ಅಕ್ಕೋರು ಖಾನಾಪುರದ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದರು. ಮನೆ ಇದ್ದದ್ದು ಬೆಳಗಾವಿಯಲ್ಲಿ, ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ. ಮುಂಜಾನೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ತಿರುಗಿ ಬರುತ್ತಿದ್ದರು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಚಳಿಗಾಲದಲ್ಲಿ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿದ್ದುದರಿಂದ ಅತ್ತೆ ಎರಡು ಡಬ್ಬಿ ಕಟ್ಟಿಕೊಡುತ್ತಿದ್ದರು. ಎರಡನೆಯದನ್ನು ರೈಲಿನ ಕಿಟಕಿಯ ಬದಿಗೆ ಕುಳಿತು, ಸೂರ್ಯನನ್ನು ನೋಡುತ್ತ, ಅವಸರದಿಂದ ಉಣ್ಣುತ್ತಿದ್ದರು.

ಬಸದಿಯ ಕಟ್ಟೆಯ ಮೇಲೆ ಕುಳಿತು ಈ ಸಂಗತಿಯನ್ನು ನನಗೆ ಹೇಳಿದವರು ಅವರೇ. ತಮ್ಮ ತಪ್ಪಿನ ಭಾಗ ಬಂದಾಗ ದನಿ ತಗ್ಗಿಸಲಿಲ್ಲ.

ಅದು 1979ರ ಡಿಸೆಂಬರ್. ಏಳನೇ ಇಯತ್ತೆಗೆ ಶೇಕಡಾ ಪಾಠ ನಡೆದಿತ್ತು. ಪುಸ್ತಕದಲ್ಲಿದ್ದ ಲೆಕ್ಕಗಳನ್ನು ಮಕ್ಕಳು ತಪ್ಪಿಲ್ಲದೆ ಬಿಡಿಸುತ್ತಿದ್ದರು. ಆದರೆ ಶೇಕಡಾ ಹತ್ತು ಎಂದರೆ ಏನು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಕ್ಕೋರು ಪುಸ್ತಕ ಮುಚ್ಚಿಟ್ಟರು. ಆ ಊರಿನ ಮಣ್ಣು ಹಂಚಿಗೂ ಮಡಕೆಗೂ ಒಳ್ಳೆಯದು. ತರಗತಿಯ ಅರ್ಧ ಮಕ್ಕಳ ಮನೆಯ ಹತ್ತಿರವೇ ಭಟ್ಟಿ ಉರಿಯುತ್ತಿತ್ತು.

“ನಿಮ್ಮ ಭಟ್ಟಿಯೊಳಗ ಸುಡಾಕ ಎಷ್ಟು ಇಟ್ರು, ಎಷ್ಟು ಒಡದ್ವು, ಮನ್ಯಾಗ ಕೇಳ್ಕೊಂಡು ಬರ್ರಿ,” ಎಂದರು.

ಕುಂಬಾರರ ಫಕೀರವ್ವ ಇನ್ನೂರು ಮಡಕೆಯಲ್ಲಿ ಹನ್ನೆರಡು ಒಡೆದವೆಂದು ಬರೆದು ತಂದಳು. ಇಟ್ಟಂಗಿ ಸುಡುವವರ ಮನೆಯ ಮೈಲಾರಲಿಂಗ ಐನೂರರಲ್ಲಿ ಇಪ್ಪತ್ತೈದು ಎಂದ. ಹಂಚಿನ ಭಟ್ಟಿಯ ಚಾಂದಸಾಬನ ಮಗಳು ಜೈತುನಬೀಗೆ ಒಡೆದವುಗಳ ಲೆಕ್ಕ ಸಿಕ್ಕಿರಲಿಲ್ಲ. ಆಕೆ ಎದ್ದು ನಿಂತು, “ಒಳಗ ಇಪ್ಪತ್ತಾರು ನೂರು ಇಟ್ಟಿದ್ರಿ, ಅಕ್ಕೋರ. ಮಾರಿದ್ದು ಇಪ್ಪತ್ನಾಕು ನೂರು. ಒಂದೂ ಉಳದಿಲ್ಲ,” ಎಂದಳು.

ಹಾಗಾದರೆ ಒಡೆದದ್ದು ಇನ್ನೂರು. ಭಾಗಿಸಿದರೆ ನೂರಕ್ಕೆ ಎಂಟರ ಹತ್ತಿರ ಬಂತು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಚೌಕಳಿ ಗೆರೆ ಎಳೆದು ಮಕ್ಕಳು ಮೂರು ಕಂಬಗಳ ಗ್ರಾಫ್ ಬರೆದರು. ಮಡಕೆ ಆರು, ಇಟ್ಟಂಗಿ ಐದು, ಹಂಚು ಎಂಟು. ಕಂಬಗಳೊಳಗೆ ಇಟ್ಟಂಗಿಯ ಪುಡಿ ತುಂಬಿ ಕೆಂಪು ಮಾಡಿದರು. ಪ್ರತಿ ಕಂಬದ ಕೆಳಗೆ ಮನೆಯವರ ಹೆಸರು. ಅಕ್ಕೋರು ಹಿಗ್ಗಿ ಅದನ್ನು ರಸ್ತೆಗೆ ಕಾಣುವಂತೆ ಪಡಸಾಲೆಯ ಗೋಡೆಗೆ ಅಂಟಿಸಿದರು.

“ಜೈತುನಾ, ನಿಮ್ಮಪ್ಪ ಹಂಚು ಸುಡತಾನೋ, ಒಡೀತಾನೋ?” ಎಂದ ಮೈಲಾರಲಿಂಗ. ತರಗತಿ ನಕ್ಕಿತು. ಅಕ್ಕೋರು ಗದರಿಸಿ ಪಾಠ ಮುಂದುವರಿಸಿದರು.

ಮರುದಿನ ಜೈತುನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಫಕೀರವ್ವ ಮೆಲ್ಲಗೆ ಹೇಳಿದಳು: “ಆಕಿ ಇನ್ನ ಬರೂದಿಲ್ಲಂತ್ರಿ. ಅವರಪ್ಪ ಪಾಟಿಚೀಲ ಎತ್ತಿ ಅಟ್ಟದ ಮ್ಯಾಲ ಇಟ್ಟಾನಂತ.”

ಏಳನೇ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಗೆ ಅರ್ಜಿ ಕಳಿಸಲು ಐದು ದಿನ ಉಳಿದಿದ್ದವು. ತಂದೆಯ ಸಹಿ ಇಲ್ಲವೆ ಹೆಬ್ಬಟ್ಟು ಬೇಕು. ಅರ್ಜಿ ಹೋಗದಿದ್ದರೆ ಆ ಹುಡುಗಿಯ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು.

ಅಂದು ಸಂಜೆ ಅಕ್ಕೋರು ಸ್ಟೇಷನ್ನಿನ ಕಡೆ ಹೋಗದೆ ಭಟ್ಟಿಯ ಕಡೆ ನಡೆದರು. ಚಾಂದಸಾಬ ಗಾಡಿಗೆ ಹಂಚು ಹೇರುತ್ತಿದ್ದ. ಅಕ್ಕೋರನ್ನು ಕಂಡರೂ ಎಣಿಕೆ ನಿಲ್ಲಿಸಲಿಲ್ಲ. ಕೈಗೆ ಎರಡರಂತೆ ಒಂದು ಸಲಕ್ಕೆ ನಾಲ್ಕು ಹಂಚು. ಇಪ್ಪತ್ತೈದು ಸಲ ಎತ್ತಿಟ್ಟ; ಮೇಲೆ ಇನ್ನೊಂದು ಸಲ ಇಟ್ಟ; ಆಮೇಲೆ ಒಂದು ನೂರಾಯಿತೆಂಬ ಗುರುತಿಗೆ ಗೋಡೆಯ ಮೇಲೆ ಒಂದು ಹರಳು. ಅಕ್ಕೋರು ನಿಂತು ನೋಡಿದರು. ಎರಡನೆಯ ನೂರಕ್ಕೂ ಹಾಗೆಯೇ. ಮೂರನೆಯದಕ್ಕೂ.

“ಚಾಂದಸಾಬ, ಇಪ್ಪತ್ತೈದು ನಾಕಲೆ ನೂರಾತು. ಮ್ಯಾಲ ಇನ್ನೊಂದು ನಾಕು ಯಾಕ?”

“ಹಾದಿ ನಾಕರೀ ಅದು. ಗಾಡಿ ಅಲಗ್ಯಾಡಿ ಹಾದ್ಯಾಗ ಒಡದ್ರ ತಗೊಂಡಾವ ಬೈಬಾರದಲ್ಲ? ಮಾರುವಾಗ ನೂರಾ ನಾಕು ಕೊಟ್ರನ ನೂರು.”

“ಭಟ್ಟಿಯೊಳಗ ಇಡುವಾಗ?”

“ಒಳಗ ಹಾದಿ ಎಲ್ಲೈತ್ರಿ? ಬೆಂಕಿಗೆ ಲಂಚ ಕೊಡ್ಲೇನು?”

ಅಕ್ಕೋರು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಹಂಚಿನ ಚೂರಿನಿಂದ ನೆಲದ ಮೇಲೆ ಗುಣಿಸಿದರು. ಮಾರಿದ ಇಪ್ಪತ್ನಾಲ್ಕು ನೂರು ಎಂದರೆ ಎರಡು ಸಾವಿರದ ನಾನೂರಾ ತೊಂಬತ್ತಾರು ಹಂಚು. ಇಟ್ಟದ್ದು ಎರಡು ಸಾವಿರದ ಆರುನೂರು. ಒಡೆದದ್ದು ಬರೀ ನೂರಾ ನಾಲ್ಕು.

“ಚಾಂದಸಾಬ, ನಿಮ್ಮ ಕೈಯಾಗ ಒಡದದ್ದು ನೂರಕ್ಕ ನಾಕ. ಮೂರು ಮನಿಯೊಳಗ ಎಲ್ಲಾರಕಿಂತ ಕಡಿಮಿ ನಿಮ್ಮದ. ನಿಮ್ಮ ಎಣಿಕಿ ಹೆಂಗ ಅಂತ ನಾ ಕೇಳಲಿಲ್ಲ. ತಪ್ಪು ನಂದು.”

“ನನ್ನ ಕೈ ನನಗ ಗೊತ್ತಿಲ್ಲೇನ್ರಿ? ಇಪ್ಪತ್ತು ವರ್ಷ ಆತು ಭಟ್ಟಿ ಹೊಂದಸಾಕ ಹತ್ತಿ. ಮೊನ್ನೆ ಗಾಡಿ ಈರಯ್ಯ ಬಂದು, ‘ಸಾಲಿ ಗ್ವಾಡಿ ಮ್ಯಾಲ ನಿನ್ನ ಕಂಬ ಭಾಳ ಎತ್ತರ ಎದ್ದೈತೋ’ ಅಂತ ನಕ್ಕ. ನೀವು ಇಲ್ಲಿ ನೆಲದ ಮ್ಯಾಲ ಬರದದ್ದು ನಾಳೆ ಕಾಲಾಗ ಹೋಗತೈತಿ. ಗ್ವಾಡಿ ಮ್ಯಾಲಿಂದು?”

“ಗ್ವಾಡಿ ಮ್ಯಾಲನ ಒಪ್ಕೊಂತೀನಿ. ಶನಿವಾರ ನೀವ ಬಂದು ನಿಂತು ನೋಡ್ರಿ. ಜೈತುನನ ಮುಲ್ಕಿ ಅರ್ಜಿನೂ ಅಲ್ಲೇ ಇಟ್ಟಿರ್ತೀನಿ.”

ಆತ ಮತ್ತೆ ನಾಲ್ಕು ಹಂಚು ಎತ್ತಿದ.

ಒಳಗಿನಿಂದ ಆತನ ಹೆಂಡತಿ ಇಮಾಮಬೀ ಕೂಗಿದಳು: “ಅಕ್ಕೋರ, ನಿಮ್ಮ ರೈಲು ಅಂತೂ ಹೋತು. ಹೊತ್ತು ಇನ್ನ ಗೇಣುದ್ದ ಐತಿ, ಡಬ್ಬಿ ಬಿಚ್ಚಿ ಉಂಡುಬಿಡ್ರಿ. ಜೈತುನ ಎಲ್ಲಾ ಹೇಳ್ಯಾಳ ನಿಮ್ಮ ಪದ್ಧತಿ. ಕುಂದರ್ರಿ.”

ಅಕ್ಕೋರು ಹಂಚಿನ ರಾಶಿಯ ಪಕ್ಕ ಕುಳಿತು ಉಂಡರು. ಜೈತುನ ತೊಳೆದ ತಂಬಿಗೆಯಲ್ಲಿ ನೀರು ತಂದಿಟ್ಟು, ನೆಲದ ಮೇಲಿನ ಲೆಕ್ಕವನ್ನು ತಲೆ ಬಗ್ಗಿಸಿ ಓದಿದಳು.

“ಅಕ್ಕೋರ, ನಾನ ಹೇಳಬೇಕಾಗಿತ್ತು.”

“ನಾ ಕೇಳಬೇಕಾಗಿತ್ತವ್ವಾ.”

ಶನಿವಾರ ಮುಂಜಾನೆ ಜೈತುನ ಬಂದು ತನ್ನ ಜಾಗದಲ್ಲಿ ಕುಳಿತಳು. ಚಾಂದಸಾಬ ಒಳಗೆ ಬರದೆ ಬಾಗಿಲ ಬಳಿ ನಿಂತ. ಅಕ್ಕೋರು ಹಳೆಯ ಗ್ರಾಫನ್ನು ಹರಿಯಲಿಲ್ಲ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಹಂಚಿನ ಕಂಬ ತಪ್ಪಾಗಿದೆ. ತಪ್ಪು ಮಾಡಿದವರು ಕಾಂತಾ ಅಕ್ಕೋರು’ ಎಂದು ಬರೆದು, ಪಕ್ಕದಲ್ಲಿ ಹೊಸ ಹಾಳೆ ಅಂಟಿಸಿ, ಜೈತುನಳನ್ನು ಕರೆದರು.

ಜೈತುನ ಹುಣಸೆಬೀಜಗಳನ್ನು ನಾಲ್ಕು ನಾಲ್ಕಾಗಿ ಇಪ್ಪತ್ತೈದು ಗುಂಪು ಮಾಡಿಟ್ಟಳು. ಬೇರೆಯಾಗಿ ಇನ್ನೊಂದು ಗುಂಪು ಇಟ್ಟು, ಅದು ಹಾದಿಯದು ಎಂದು ತಿಳಿಸಿ ಹೇಳಿದಳು. ಗುಣಾಕಾರಕ್ಕೆ ಬರುವಷ್ಟರಲ್ಲಿ ದನಿ ಗಟ್ಟಿಯಾಗಿತ್ತು. ಕಡೆಗೆ ನಾಲ್ಕರ ಗೆರೆಯವರೆಗೆ ಕಂಬ ಎಳೆದಳು. ಮೂರರಲ್ಲಿ ಅದೇ ಗಿಡ್ಡದು.

ಮೈಲಾರಲಿಂಗನಿಗೆ ತಡೆಯಲಾಗಲಿಲ್ಲ. “ಅಕ್ಕೋರ, ನಮ್ಮಪ್ಪನೂ ಇಟ್ಟಂಗಿ ಮಾರುವಾಗ ನೂರಕ್ಕ ಎರಡು ಮ್ಯಾಲ ಹಾಕ್ತಾನ್ರಿ. ನಮ್ಮ ಕಂಬನೂ ಇಳಸ್ರಿ ಮತ್ತ!”

ಅಕ್ಕೋರು ಬಾಯಿ ತೆರೆಯುವ ಮೊದಲೇ ಜೈತುನ ತಿರುಗಿದಳು. “ನೀ ಒಡದದ್ದನ್ನ ಎಣಿಸಿ ತಂದೀಯಲ್ಲ? ಮಾರಿದ್ದು ಅದರಾಗ ಎಲ್ಲಿ ಬಂತು? ನಿಮ್ಮಪ್ಪಂದು ಐದ. ನಮ್ಮಪ್ಪಂದು ನಾಕ.”

ತರಗತಿ ಹೋ ಎಂದು ನಕ್ಕಿತು. ಬಾಗಿಲಲ್ಲಿ ನಿಂತ ಚಾಂದಸಾಬ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ನಗು ನಿಂತ ಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೇಳಿದ: “ಎಲ್ಲಿ ಒತ್ತಬೇಕ್ರಿ ಹೆಬ್ಬಟ್ಟು?”

ಮುಲ್ಕಿಯಲ್ಲಿ ಜೈತುನ ಪಾಸಾಗಿ ಹೈಸ್ಕೂಲಿಗೆ ಸೇರಿದಳು. 1986ರಲ್ಲಿ ಬೆಳಗಾವಿಗೆ ವರ್ಗವಾಗಿ ಬರುವವರೆಗೂ ಕಾಂತಾ ಅಕ್ಕೋರು ಶೇಕಡಾ ಪಾಠವನ್ನು ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದರು: “ನಿಮ್ಮ ಮನ್ಯಾಗ ನೂರು ಅಂದ್ರ ಎಷ್ಟು?”

ಯಾರಾದರೊಬ್ಬರು, “ನೂರು ಅಂದ್ರ ನೂರ ರೀ!” ಎಂದು ನಗುತ್ತಿದ್ದರು.

“ಖರೇ?” ಎನ್ನುತ್ತಿದ್ದರು ಅಕ್ಕೋರು. “ಮನಿಗೆ ಹೋಗಿ ಕೇಳ್ಕೊಂಡು ಬಾ.”