ದೇವರಿಗೇರಿದ ಬೆಳ್ಳುಳ್ಳಿ ಹೂವು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯೊಳಗೆ ಬೆಳ್ಳುಳ್ಳಿಗೆ ಪ್ರವೇಶವಿರಲಿಲ್ಲ. ಮನೆ ಎಂದರೆ ಅಮೆರಿಕದ ಮೆನ್ಲೋ ಪಾರ್ಕಿನ ಪುಟ್ಟ ಅಪಾರ್ಟ್‌ಮೆಂಟು. ಮೈಸೂರಿನಿಂದ ಬಂದಿದ್ದ ಅಜ್ಜಿ ತಮ್ಮ ಮಡಿಯನ್ನೂ ಜೊತೆಗೇ ತಂದಿದ್ದರು. ಅದರ ಬಿಸಿ ನನಗೆ ತಟ್ಟಿದ್ದು ಒಂದು ಶನಿವಾರ.

ಆ ಮಧ್ಯಾಹ್ನ, ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಮಾರ್ಗನ್ ಹಿಲ್‌ನಲ್ಲಿ ಗೆಳೆಯನ ಬರ್ತ್‌ಡೇ ಪಾರ್ಟಿ. ಮಕ್ಕಳು ಹತ್ತಲು ನಿಜವಾದ ಕುದುರೆ ಬರುವುದಿತ್ತು! ಆದರೆ ಸೈಕಲ್ಲಿನಿಂದ ಬಿದ್ದ ನನ್ನ ಮೊಣಕಾಲು ಕೀವು ಕಟ್ಟಿತ್ತು. ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದರೂ, ಬಟ್ಟೆ ತಗುಲಿದರೆ ಸಾಕು, ಉರಿ. "ಈ ಕಾಲಿಟ್ಕೊಂಡು ಕುದುರೆ ಗಿದುರೆ ಏನೂ ಬೇಡ," ಎಂದು ಅಮ್ಮ ಹೇಳಿಬಿಟ್ಟರು. ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದೆ.

ಪಕ್ಕದ ಮನೆಯ ಆಂಟಿ ದಕ್ಷಿಣ ಆಫ್ರಿಕಾದವರು. ನನ್ನ ಅಳು ಕೇಳಿ ಬಂದರು. ಮೆಟ್ಟಿಲ ಪಕ್ಕದಲ್ಲಿ ಸಾಲಾಗಿ ಬೆಳೆದಿದ್ದ ನೇರಳೆ ಬಣ್ಣದ ಹೂವಿನ ಗಿಡದಿಂದ ಹುಲ್ಲಿನಂಥ ಎಲೆ ಕಿತ್ತು, ತೊಳೆದು, ಜಜ್ಜಿದರು. ಕೀವಾದ ಗಾಯಕ್ಕೆ ತಮ್ಮ ಊರಿನ ಅಜ್ಜಿಯರು ಇದನ್ನೇ ಕಟ್ಟುತ್ತಿದ್ದರು ಎಂದರು. ಅಮ್ಮ ಅರೆಮನಸ್ಸಿನಿಂದ ಒಪ್ಪಿ, "ಕಟ್ಟು ಗಟ್ಟಿಯಾಗಿದ್ರೆ ಕುದುರೆ ಮೇಲೆ ಒಂದೇ ಒಂದು ಸುತ್ತು," ಎಂದರು. ಆಂಟಿ ಕಟ್ಟಿದ ಎಲೆಯ ರಸ ಗಾಯಕ್ಕೆ ತಣ್ಣಗೆ ಇಳಿಯಿತು. ಹಿಂದೆಯೇ ಘಾಟು ಎದ್ದಿತು, ಅಪ್ಪಟ ಬೆಳ್ಳುಳ್ಳಿಯದು!

"ಯಾರೇ ಅದು ಬೆಳ್ಳುಳ್ಳಿ ತಂದಿದ್ದು?" ದೇವರ ಮುಂದೆ ಕುಳಿತಿದ್ದ ಅಜ್ಜಿ ಒಳಗಿನಿಂದಲೇ ಕೂಗಿದರು.

"ಬೆಳ್ಳುಳ್ಳಿ ಅಲ್ಲ ಅತ್ತೆ, ಹೂವಿನ ಗಿಡದ ಎಲೆ. ಔಷಧಿಗೆ," ಎಂದರು ಅಮ್ಮ.

"ಬೇರೆ ಹೆಸರಿಟ್ರೆ ವಾಸನೆ ಹೋಗತ್ತಾ? ಅವನು ಒಳಗೆ ಕಾಲಿಡಕೂಡದು!"

ನನ್ನ ಶೂ, ಗಿಫ್ಟು ಎರಡೂ ಒಳಗೆ. ನನಗೆ ತಲೆ ಕೆಟ್ಟುಹೋಯಿತು. "ಅಜ್ಜೀ, ನೀನು ದಿನಾ ದೇವರಿಗೆ ಇಡೋದೂ ಇದೇ ಗಿಡದ ಹೂವು!" ಎಂದು ಕಿರುಚಿದೆ.

ನಿಜವೇ. ಹೂವಿಗೆ ಘಾಟಿರಲಿಲ್ಲ, ಎಲೆ ಜಜ್ಜಿದಾಗಲೇ ಗುಟ್ಟು ರಟ್ಟು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಜ್ಜಿ ಮತ್ತೆ ತಲೆಗೆ ಸ್ನಾನ ಮಾಡಿದರು. ದೇವರಿಗೂ ಸ್ನಾನ. ಪೂಜೆಯ ಪಾತ್ರೆ, ಮಣೆ, ನೆಲ, ಎಲ್ಲಕ್ಕೂ ನೀರು. ಕಾರು ಓಡಿಸಬೇಕಾದ ಅಮ್ಮ ನೆಲ ಒರೆಸುತ್ತಿದ್ದರು. ನಾನು ಹೊಸ್ತಿಲಾಚೆ ಬರಿಗಾಲಲ್ಲಿ ನಿಂತು ಕುದಿಯುತ್ತಿದ್ದೆ.

ಕೊನೆಗೂ ಫ್ರೀವೇ ಹಿಡಿದು ನಾವು ತಲುಪುವಾಗ ಕುದುರೆಯನ್ನು ಗಾಡಿಗೆ ಹತ್ತಿಸಿಯಾಗಿತ್ತು. ನನಗೆ ಕಂಡದ್ದು ಅದರ ಬಾಲ ಮಾತ್ರ. ಗಾಯವೇನೋ ಕೆಲವು ದಿನಗಳಲ್ಲಿ ಮಾಯಿತು. ಮುಲಾಮಿನಿಂದಲೋ ಎಲೆಯಿಂದಲೋ ಹೇಳಲಾರೆ. ಸಿಟ್ಟು ಮಾಯಲಿಲ್ಲ.

ಮೊಮ್ಮಕ್ಕಳೇ, ಮೆನ್ಲೋ ಪಾರ್ಕಿಗೆ ಅಷ್ಟೇನೂ ದೂರವಿಲ್ಲದ ಈ ಡಬ್ಲಿನ್ನಿನ ನಿಮ್ಮ ಮನೆಯಲ್ಲಿ ಗಾರ್ಲಿಕ್ ಬ್ರೆಡ್ಡು ಬೇಯುವಾಗ ಯಾರೂ ಮೂಗು ಮುರಿಯುವುದಿಲ್ಲ. ಕುದುರೆ ಸವಾರಿಗಂತೂ ನಿಮಗೆ ಕ್ಲಾಸೇ ಇದೆ. "ತಾತ, ಇಟ್ಸ್ ಬೋರಿಂಗ್," ಎನ್ನುತ್ತೀರಿ. ನನಗೆ ಮೈಯೆಲ್ಲ ಉರಿಯುತ್ತದೆ! ನಿಮ್ಮ ಮನೆ ಹತ್ತಿರದ ಗ್ರೋಸರಿ ಅಂಗಡಿಯ ಮುಂದೆ ಅದೇ ನೇರಳೆ ಹೂವಿನ ಸಾಲಿದೆ. ಮೊನ್ನೆ ಒಂದು ಎಲೆ ಹಿಸುಕಿ ನೋಡಿದೆ, ಬೆರಳಿಗೆಲ್ಲ ಅದೇ ಘಾಟು. ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಆದರೂ ಹೊಸ್ತಿಲ ಹೊರಗೇ ನಿಂತುಬಿಟ್ಟೆ, ಒಳಗಿನಿಂದ ಯಾರಾದರೂ ಬಾ ಎನ್ನಲಿ ಎಂದು.