ಬನಿಯನ್ನಿನ ಉಪ್ಪು

ನನ್ನ ಗಂಡ ಪ್ರತಿ ಭಾನುವಾರ ಬೆಳಿಗ್ಗೆ ಚೆಂಬೂರಿನ ನಮ್ಮ ಬಿಲ್ಡಿಂಗಿನಿಂದ ಪವಾಯಿ ಕೆರೆಯವರೆಗೆ ಓಡಿ, ಕೆರೆ ಮುಟ್ಟಿ, ಓಡುತ್ತಲೇ ಹಿಂತಿರುಗುತ್ತಿದ್ದರು. ಹಾಗೆಂದು ಅವರು ಹೇಳುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುವವನನ್ನು ಕಂಡರೆ ಜನ ಹಿಂದೆ ಪೊಲೀಸರಿದ್ದಾರೇನೋ ಎಂದು ನೋಡುತ್ತಿದ್ದ ಕಾಲ. ನಮ್ಮ ಬಿಲ್ಡಿಂಗಿನವರು ಮಾತ್ರ ಅವರನ್ನು ‘ಓಟಗಾರ್ರು’ ಎಂದೇ ಕರೆಯುತ್ತಿದ್ದರು. ಅವರು ಕೆಲಸಕ್ಕಿದ್ದ ಕಾರ್ಖಾನೆಯ ಗೇಟಿನಲ್ಲೂ ಅದೇ ಹೆಸರು. ಮೈದಾನ ಸುತ್ತುವವರನ್ನು ಕಂಡರೆ ಇವರಿಗೆ ತಾತ್ಸಾರ.

“ಅವರೇನ್ ಓಡತಾರ? ಹೊಟ್ಟಿ ಹಸೀಲಿ ಅಂತ ಅಡ್ಡಾಡತಾರ. ಕೆರಿ ಮುಟ್ಟಿ ಬಂದಾವನ ಖರೇ ಓಟಗಾರ,” ಎನ್ನುತ್ತಿದ್ದರು. ನಾವಿಬ್ಬರೂ ಧಾರವಾಡದ ಕಡೆಯವರು.

ನಾನೂ ಓಡುತ್ತಿದ್ದೆ, ದಿನಾ. ದಾದರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಬೇಕು. ಸೀರೆಯ ನಿರಿಗೆ ಎಡಗೈಯಲ್ಲಿ, ಊಟದ ಡಬ್ಬಿ ಕಂಕುಳಲ್ಲಿ. ಕಂಡವರ ಮೊಣಕೈಯಿಂದ ತಿವಿಸಿಕೊಳ್ಳುತ್ತ ಸೇತುವೆ ಹತ್ತಿ ಇಳಿದು, ಹೊರಟ ಗಾಡಿಯ ಕಂಬಿ ಹಿಡಿಯಬೇಕು. ಒಮ್ಮೆ, “ನಾನೂ ಓಡತೀನಲ್ರೀ,” ಎಂದೆ. ಅವರು ಬಿದ್ದು ಬಿದ್ದು ನಕ್ಕರು.

“ಹುಚ್ಚಿ, ಅದಕ್ಕ ಓಡೂದು ಅನ್ನೂದಿಲ್ಲ. ಗಾಡಿ ಹಿಡಿಯೂದು ಅಂತಾರ.”

ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದೆ, ತುಸು ಜೋರಾಗಿಯೇ.

ಸಂಶಯ ಹುಟ್ಟಿದ್ದು ಬಟ್ಟೆ ಒಗೆಯುವಾಗ. ಕುರ್ಲಾ ಸೇತುವೆ ಹತ್ತಿ ಇಳಿಯುವ ನನ್ನ ರವಿಕೆಗೇ ಬೆವರು ಆರಿ ಬಿಳಿ ಉಪ್ಪಿನ ಗೆರೆ ಬೀಳುತ್ತಿತ್ತು. ಅಷ್ಟು ದೂರ ಓಡಿದವರ ಬನಿಯನ್ನು ಪ್ರತಿ ವಾರ ತೊಯ್ದು ತೊಪ್ಪೆಯಾಗಿ ಬರುತ್ತಿತ್ತು. ಒಂದು ಭಾನುವಾರ ಅದನ್ನು ಒಗೆಯದೆ ಹಾಗೇ ಹಗ್ಗಕ್ಕೆ ಹಾಕಿದೆ. ಒಣಗಿದ ಮೇಲೆ ನೋಡಿದರೆ ಉಪ್ಪೂ ಇಲ್ಲ, ವಾಸನೆಯೂ ಇಲ್ಲ, ಆಗಷ್ಟೇ ಜಾಲಾಡಿ ಹರವಿದ ಹಾಗಿತ್ತು. ಇದೇನಪ್ಪಾ! ಹೊರಗೆ ಯಾರು ಇವರ ಬನಿಯನ್ನು ಜಾಲಾಡಿ ಕೊಡುತ್ತಾರೆ?

ತಡೆಯಲಾರದೆ ಪಕ್ಕದ ಮನೆಯ ಉಡುಪಿಯಾಕೆಗೆ ಹೇಳಿದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಗಂಡಸರು ಸುಮ್ಮನೆ ಅಷ್ಟು ದೂರ ಓಡುದಿಲ್ಲ ಮಾರಾಯ್ತಿ. ಆಚೆ ಬದಿಯಲ್ಲಿ ಏನೋ ಉಂಟು,” ಎಂದಳು.

ಆ ವಾರವೆಲ್ಲ ಅವರ ಅಂಗಿಗಳನ್ನು ಮೂಸಿದೆ. ಯಾವಳದೋ ತಲೆಯೆಣ್ಣೆಯ ವಾಸನೆ ಹುಡುಕಿದೆ. ಈ ಊರಿನಲ್ಲಿ ನನ್ನವರೆಂದು ಇದ್ದವರು ಇವರೊಬ್ಬರೇ. ಇವರೇ ಸುಳ್ಳಾದರೆ ಗಂಟು ಕಟ್ಟಿಕೊಂಡು ಯಾರ ಮನೆಗೆ ಹೋಗಲಿ?

ಮುಂದಿನ ಭಾನುವಾರ ಅವರು ಹೊರಟು ಸ್ವಲ್ಪ ಹೊತ್ತಿಗೆ ನಾನೂ ಪವಾಯಿ ಕಡೆಯ ಬಸ್ಸು ಹತ್ತಿದೆ. ಅರ್ಧ ದಾರಿಯ ಘಾಟ್ಕೋಪರಿಗೆ ಮುಂಚೆಯೇ ಕಿಟಕಿಯಿಂದ ಕಂಡರು. ಏನು ಚೆಂದ ಓಡುತ್ತಿದ್ದರು! ಸೆರಗು ತಲೆಯ ಮೇಲೆಳೆದು ಕೂತಿದ್ದ ನನಗೆ ಒಂದು ಗಳಿಗೆ ಸಂಶಯವೇ ಮರೆತುಹೋಯಿತು. ಕೆರೆಯ ಬಳಿ ಇಳಿದು ಕಾದೆ. ಬಿಸಿಲೇರಿತು. ಎಮ್ಮೆಗಳು ನೀರಿಗಿಳಿದು, ಎದ್ದು ಹೋದವು. ಇವರು ಬರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯಿಂದ ಕಣ್ಣು ಕೀಳದೆ ಕೂತೆ. ಘಾಟ್ಕೋಪರಿನ ಬಸ್ ಸ್ಟಾಪಿನ ಹತ್ತಿರ ಒಂದು ನಲ್ಲಿಯ ಕೆಳಗೆ ಇವರು ಬನಿಯನ್ನು ಹಿಡಿದು ತೋಯಿಸುತ್ತಿದ್ದರು. ಒಬ್ಬರೇ. ಒಂದು ಕಾಲಿನ ಬೂಟು ಪಕ್ಕದಲ್ಲಿ ಬಿದ್ದಿತ್ತು. ಬಸ್ಸಿನಿಂದ ಇಳಿದು ನೇರ ಹೋಗಿ ಎದುರಿಗೆ ನಿಂತೆ.

“ಎಲ್ಲಿದಾಳ ಆಕಿ?”

“ಯಾರು?” ಎಂದರು. ಮುಖ ಬಿಳಿಚಿಕೊಂಡಿತ್ತು. ನಾನು ಬನಿಯನ್ನನ್ನೇ ನೋಡುತ್ತಿರುವುದು ಕಂಡು ತಲೆ ತಗ್ಗಿಸಿದರು. “ಮೊಣಕಾಲು ಹಿಡೀತದ. ಇದರಾಚೆ ಆಗೂದಿಲ್ಲ. ಭಾಳ ದಿನಾತು. ಇಲ್ಲೇ ಹೊತ್ತು ಕಳದು, ಬೆವರಿನಂಗ ಕಾಣ್ಲಿ ಅಂತ ಇದನ್ನ ತೋಯಿಸಿ, ಬಸ್ಸಿಗೇ ಬರತೀನಿ.”

“ಮತ್ತ ಕೆರಿ?”

“ಎಲ್ಲಾರೂ ಓಟಗಾರ್ರು ಅಂತಾರ. ಅರ್ಧಾ ದಾರಿಗೆ ಕೂಡತೀನಿ ಅಂತ ಹೆಂಗ ಹೇಳ್ಲಿ?”

ಅಂಥವಳು ಯಾರೂ ಇಲ್ಲವೆಂದು ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಎಲ್ಲಿಲ್ಲದ ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ಬರುವ ಮನುಷ್ಯ ನನ್ನ ಓಟಕ್ಕೆ ನಕ್ಕಿದ್ದರಲ್ಲ!

ಅಷ್ಟರಲ್ಲಿ ಚೆಂಬೂರಿನ ಬಸ್ಸು ಬಂದು, ಇಬ್ಬರನ್ನು ಇಳಿಸಿ ಹೊರಟೇಬಿಟ್ಟಿತು. ನಿರಿಗೆ ಎಡಗೈಗೆ ಬಂತು. ಓಡಿದೆ. ಕಂಬಿ ಹಿಡಿದು ಫುಟ್‌ಬೋರ್ಡಿಗೆ ಜಿಗಿದೆ. “ಮರ್ನಾ ಹೈ ಕ್ಯಾ, ಬಾಯಿ?” ಸಾಯಬೇಕೇನಮ್ಮಾ ಎಂದು ಕಂಡಕ್ಟರ್ ಹಿಂದಿಯಲ್ಲಿ ಗದರಿದ. ತಿರುಗಿ ನೋಡಿದರೆ ಇವರು ಬೂಟು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಕುಂಟುತ್ತ ಓಡಿ ನಿಂತುಬಿಟ್ಟರು.

ಅವರು ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಕೆಳಗೆ ಮೆಟ್ಟಿಲ ಬಳಿ ಯಾರೋ ಎಂದಿನಂತೆ, “ಏನ್ರೀ ಓಟಗಾರ್ರೇ, ಕೆರೆ ಮುಟ್ಟಿದ್ರಾ?” ಎಂದು ಕೇಳಿದ್ದು ಕೇಳಿಸಿತು. ಒಲೆಯ ಮುಂದೆ ನಾನು ಅತ್ತ ಕಿವಿಗೊಟ್ಟೆ.

“ಇಲ್ರೀ. ಘಾಟ್ಕೋಪರ್ ತನಕ ಅಷ್ಟ. ಮೊದಲಿಂದೂ ಅಷ್ಟ ಅನ್ಕೊಳ್ರೀ.”

ಒಳಗೆ ಬಂದು ಬನಿಯನ್ನು ಬಿಚ್ಚಿ ಕೊಟ್ಟರು. ಪೂರ್ತಿ ಒಣಗಿತ್ತು. ಬೆನ್ನ ಮೇಲೆ ಬಿಳಿ ಗೆರೆಗಳು ಮೂಡಿದ್ದವು. ಆದರೂ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಡೆದರೂ ಬೆವರು ಬರುತ್ತದಲ್ಲ.

“ಓಡಿ ಬಂದ್ರೋ, ನಡದು ಬಂದ್ರೋ?”

ಅವರು ಹೊಸ್ತಿಲ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತ ನನ್ನನ್ನೇ ನೋಡಿದರು.

“ಅಲ್ಲಾ, ಹೊಂಟ ಬಸ್ಸು ನೀ ಹೆಂಗ ಹಿಡದಿ?”

“ದಿನಾ ಓಡತೀನಲ್ರೀ,” ಎಂದೆ.

ಈ ಸಲ ಅವರು ನಗಲಿಲ್ಲ.