ನಮ್ಮಕ್ಕನ ಬೀಗತನ

ನಮ್ಮಕ್ಕ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆದವಳು. ಗಂಡ ಬಿಟ್ಟುಹೋದಾಗ ಸಿಕ್ಕ ಕೆಲಸ ಅದೊಂದೇ. ಸತ್ತವರಿಗೂ ಬಿಸಿನೀರೇ ಆಗಬೇಕು ಅವಳಿಗೆ. "ಸ್ವಲ್ಪ ಕೈ ಎತ್ತಿ ಯಜಮಾನ್ರೇ" ಎಂದು ಮಾತಾಡಿಸಿಕೊಂಡೇ ಉಗುರಿನ ಸಂದಿ ಉಜ್ಜಿ, ತಲೆ ಬಾಚಿ, ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟಿ ಕಳಿಸುತ್ತಿದ್ದಳು. ಆ ಸಂಬಳದಲ್ಲೇ ಒಬ್ಬಳೇ ಮಗಳನ್ನು ಓದಿಸಿದಳು. ಮಗಳು ಮಾತ್ರ ಕೇಳಿದವರಿಗೆಲ್ಲ "ಅಮ್ಮ ಆಸ್ಪತ್ರೇಲಿದಾರೆ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು.

ಅವಳು ಮೆಚ್ಚಿದ ಹುಡುಗನ ಮನೆಯವರು ಜಪಾನಿನಿಂದ ಬಂದು ಇಲ್ಲೇ ನೆಲೆಸಿದ ಶಿಂಟೋ ಧರ್ಮದವರು. ಅಕ್ಕನಿಗೆ ಇದ್ದದ್ದು ಒಂದೇ ಆಸೆ, ಮಗಳಿಗೆ ತಾನೇ ಧಾರೆ ಎರೆಯಬೇಕು. ಮಾತುಕತೆಗೆ ಬಂದ ಬೀಗರು ನಿವೃತ್ತ ಮೇಷ್ಟ್ರು, ಕೂತಲ್ಲೇ ಪಾಠ ಶುರು ಮಾಡಿದರು. ಗುಡಿಯೊಳಗೆ ಹೋಗುವ ಮುಂಚೆ ಅವರೂ ಕೈ ತೊಳೆದು ಬಾಯಿ ಮುಕ್ಕಳಿಸುತ್ತಾರಂತೆ. ಅವರಲ್ಲೂ ಗಂಟೆ ಬಾರಿಸುವುದು, ಬೆಟ್ಟಕ್ಕೆ, ಮರಕ್ಕೆ ಕೈಮುಗಿಯುವುದು ಉಂಟಂತೆ. ನಮ್ಮ ಸರಸ್ವತಿಯೇ ಸಮುದ್ರ ದಾಟಿ ಅವರ ದೇವಿಯಾಗಿದ್ದಾಳಂತೆ. ಅಕ್ಕ ಕಣ್ಣರಳಿಸಿ ಕೇಳಿದಳು. ಅತ್ತ ನಮ್ಮ ಪುರೋಹಿತರೂ ಅವರ ಪೂಜಾರಿಯೂ ಮುಹೂರ್ತ ಯಾರದ್ದು, ಮಂತ್ರ ಯಾರದ್ದು ಮೊದಲು ಎಂದು ಜಟಾಪಟಿಗೆ ಬಿದ್ದಿದ್ದರು.

ಜಗಳ ತಣಿಯಲಿ ಎಂದು ಅಕ್ಕ ನಗುತ್ತ ಬಾಯಿ ಹಾಕಿದಳು.

"ಬಿಡಿ ಬೀಗ್ರೇ, ಕೊನೇಲಿ ಎಲ್ರಿಗೂ ಸ್ನಾನ ಮಾಡ್ಸೋಳು ನಾನೇ. ನಿಮ್ಮೋರೂ ಬಂದಿದಾರೆ, ನಮ್ಮೋರೂ ಬಂದಿದಾರೆ. ನನಗಂತೂ ಏನೂ ವ್ಯತ್ಯಾಸ ಕಂಡಿಲ್ಲ."

ಎಲ್ಲರ ಮುಖ ಕಪ್ಪಿಟ್ಟಿತು. ಬೀಗರು ಕುಡಿಯುತ್ತಿದ್ದ ಲೋಟ ಕೆಳಗಿಟ್ಟರು. ಅಷ್ಟು ಹೊತ್ತು ಹಾವು ಮುಂಗುಸಿಯಂತಿದ್ದ ಪುರೋಹಿತರೂ ಪೂಜಾರಿಯೂ ಎರಡೇ ನಿಮಿಷದಲ್ಲಿ ಒಂದಾದರು ನೋಡಿ! ಹೆಣ ಮುಟ್ಟುವ ಕೈ ಮಂಗಳಕಾರ್ಯಕ್ಕೆ ಸಲ್ಲದು. ಅಲ್ಲೂ ಮೈಲಿಗೆ, ಇಲ್ಲೂ ಮೈಲಿಗೆ. ಮೇಷ್ಟ್ರ ಪಾಠದಲ್ಲಿ ಬಿಟ್ಟುಹೋಗಿದ್ದ ಹೋಲಿಕೆ ಇದೊಂದೇ.

"ಧಾರೆ ಚಿಕ್ಕಮ್ಮ ಎರೀಲಿ ಬಿಡಮ್ಮ. ಒಂದಿನದ ಮಾತು" ಎಂದಳು ಮಗಳು.

ಊರಿಗೆಲ್ಲ ಬಾಯಿಬಡುಕಿಯಾದ ನಾನು ಅವತ್ತು ತುಟಿಪಿಟಕ್ಕೆನ್ನಲಿಲ್ಲ. ಹೊಸ ಸೀರೆ ಉಟ್ಟು ಹೋಗಿ ಧಾರೆ ಎರೆದು ಬಂದೆ, ನನ್ನ ಮುಖಕ್ಕಿಷ್ಟು ಬೆಂಕಿ ಹಾಕ. ಅಕ್ಕ ಆ ದಿನ ರಜೆ ಹಾಕದೆ ಕೆಲಸಕ್ಕೆ ಹೋಗಿದ್ದಳು.

ವರ್ಷ ತುಂಬುವುದರೊಳಗೆ ಬೀಗರು ಮಲಗಿದಲ್ಲೇ ತೀರಿಕೊಂಡರು. ಮನೆತುಂಬ ಜನ, ಮೈ ಮುಟ್ಟಲು ಒಬ್ಬರೂ ಇಲ್ಲ. ಅಳಿಯ ಅಕ್ಕನಿಗೆ ಫೋನ್ ಮಾಡಿದ.

"ಹೋಗ್ಬೇಡ ಕಣೇ, ಮಾನ ಮರ್ಯಾದೆ ಇಲ್ವಾ ನಿಂಗೆ?" ಎಂದೆ.

"ಪಾಪ, ಅವ್ರು ಹಂಗೇ ಹೋಗ್ಬೇಕಾ?" ಎಂದು ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ.

ಹಿಂದಿನ ಕೋಣೆಗೆ ಬಿಸಿನೀರು ತರಿಸಿ ಒಂದು ಗಂಟೆ ತೊಳೆದಳು. ಮೇಷ್ಟ್ರ ಬೆರಳಿಗಂಟಿದ್ದ ಶಾಯಿಯನ್ನೂ ಬಿಡಲಿಲ್ಲ. ಎಲ್ಲ ಮುಗಿಸಿ, ಬೆಳಗಿನಿಂದ ಬರೀ ಹೊಟ್ಟೆಯಲ್ಲಿದ್ದವಳು ಮಗಳ ಅಡುಗೆಮನೆ ಕಡೆ ನಡೆದಳು. ಹೊಸ್ತಿಲಲ್ಲಿ ಮಗಳು ನಿಂತಿದ್ದಳು. ಒಂದು ಕೈಯಲ್ಲಿ ಸಾವಿನ ಮೈಲಿಗೆ ಕಳೆಯಲು ಗಂಡನ ಮನೆಯ ಪದ್ಧತಿಯ ಉಪ್ಪು, ಇನ್ನೊಂದರಲ್ಲಿ ನಮ್ಮ ಪದ್ಧತಿಯ ನೀರಿನ ಚೊಂಬು.

"ಅಮ್ಮಾ, ಅಲ್ಲೇ ನಿಂತ್ಕೋ" ಎಂದು ಎರಡನ್ನೂ ಅವಳ ಮೇಲೆ ಎರಚಿದಳು. ಆಮೇಲೂ ದಾರಿ ಬಿಡಲಿಲ್ಲ.